ಬಂಧುಗಳ ಊರಿನ ಕಲ್ಲುಗಳು

ಈ ಬೇಸಿಗೆಯಲ್ಲಿ ಹೊಳೆನರಸೀಪುರದ ಬಂಧುಗಳ ಮನೆಗೆ ಹೋಗಿದ್ದಾಗ, ಸಮೀಪದ ಹಳ್ಳಿಯ ಕೆರೆ ಏರಿಯ ಮೇಲೆ ವೀರಗಲ್ಲೊಂದನ್ನು ಕಂಡೆವು. ಮನೆಯ ಮಕ್ಕಳು ಅದನ್ನು ಗ್ರಾಮದೇವತೆಯೆಂದೇ ತಿಳಿದಿದ್ದರು.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗೆ ಕಾಳಗ, ನಡುವೆ ಮಡಿದ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಸಾಮಾನ್ಯವಾಗಿ ಶಿವಲಿಂಗದ ಸನ್ನಿಧಿ. ಕೆಳಗಡೆ ಹಸುಗಳಿದ್ದರೆ ಆತ ತುರುಗಾಳಗದಲ್ಲಿ ಊರಿನ ದನಗಳಿಗಾಗಿ ಪ್ರಾಣ ಕೊಟ್ಟವನು. ಬಳೆ ತೊಟ್ಟು ಮೇಲೆತ್ತಿದ ತೋಳಿದ್ದರೆ ಅದು ಮಹಾಸತಿಕಲ್ಲು.

ಕಲ್ಲಿನಲ್ಲಿ ಬರಹವಿದ್ದರೆ ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 5ನೆಯ ಸಂಪುಟವನ್ನು ನೋಡಬಹುದು. ಅದು ಹಾಸನ ಜಿಲ್ಲೆಯದೇ. ಶಾಸನಗಳು ತಾಲ್ಲೂಕುವಾರಾಗಿರುವುದರಿಂದ ಅರಕಲಗೂಡು, ಚನ್ನರಾಯಪಟ್ಟಣಗಳ ಸದ್ಭಕ್ತರೂ ತಮ್ಮ ಊರನ್ನು ಹುಡುಕಬಹುದು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಹೊಯ್ಸಳರ ಬೊಮ್ಮಣ್ಣ ದಂಡನಾಯಕನು 1246ರಲ್ಲಿ ಲಕ್ಷ್ಮೀನರಸಿಂಹ ದೇವಾಲಯವನ್ನು ಕಟ್ಟಿಸಿದ. ಅದೇ ಊರಿನಲ್ಲಿ ಹೊಯ್ಸಳರ ಕಾಲದ ಸದಾಶಿವ ದೇವಾಲಯವೂ ಇದೆ. ಹೆದ್ದಾರಿಯಲ್ಲಿ ನಿತ್ಯ ಓಡಾಡುವ ನಮ್ಮಲ್ಲಿ ಎಷ್ಟು ಮಂದಿ ಅತ್ತ ತಿರುಗಿದ್ದೇವೆ?

ನಾವು ಕಂಡ ಕಲ್ಲಿಗೆ ಸುಣ್ಣ ಬಳಿದಿದ್ದರು. ಭಕ್ತಿಯಿಂದಲೇ ಬಳಿದದ್ದು, ಆದರೆ ಅಕ್ಷರಗಳಿದ್ದವೋ ಇಲ್ಲವೋ ತಿಳಿಯದಂತಾಗಿದೆ. ಅದು ಮೊದಲು ಯಾವ ಹೊಲದಲ್ಲಿತ್ತೆಂಬುದು ಮನೆಯ ಎಂಬತ್ತು ದಾಟಿದ ಅಜ್ಜಿಯೊಬ್ಬರಿಗೆ ಮಾತ್ರ ಗೊತ್ತಿತ್ತು. ಹೊರಡುವ ಮುನ್ನ ಅವರ ಮಾತನ್ನು ಮೊಮ್ಮಗಳ ನೋಟ್‌ಪುಸ್ತಕದಲ್ಲಿ ಬರೆಸಿ ಬಂದೆವು.