ಹಸಿರು ಚುಕ್ಕೆಯಷ್ಟೇ ಸಾಲದು: ಕೋಷರ್ ತಿಂಡಿಯೂ ಬೆಳಗೊಳದ ಅಂಗಡಿಯೂ

ಬೆಳಗೊಳ: ಮೈಸೂರಿನಿಂದ ಕೃಷ್ಣರಾಜಸಾಗರಕ್ಕೆ ಹೋಗುವ ಪ್ರವಾಸಿಗರು ಬೆಳಗೊಳದ ಅಂಗಡಿಗಳ ಮುಂದೆ ನಿಲ್ಲುವುದು ಸಾಮಾನ್ಯ ದೃಶ್ಯ. ನೀರಿನ ಬಾಟಲಿ, ಮಕ್ಕಳಿಗೆ ಚಿಪ್ಸು, ಹಿರಿಯರಿಗೆ ಬಿಸ್ಕತ್ತು, ಉಳಿದವರಿಗೆ ಒಂದಿಷ್ಟು ಖಾರ. ಬಹುತೇಕರು ಬೆಲೆ ನೋಡಿ ಕೊಳ್ಳುತ್ತಾರೆ. ಕೆಲವರು ಮಾತ್ರ ಪೊಟ್ಟಣವನ್ನು ತಿರುಗಿಸಿ, ಹಿಂಬದಿಯ ಸಣ್ಣ ಅಕ್ಷರಗಳನ್ನು ಕಣ್ಣು ಕಿರಿದು ಮಾಡಿ ಓದುತ್ತಾರೆ. ಅವರಲ್ಲಿ ಶ್ರವಣಬೆಳಗೊಳದ ಯಾತ್ರೆ ಮುಗಿಸಿ ಬಂದ ವ್ರತನಿಷ್ಠ ಜೈನರಿರಬಹುದು, ಮೇಲುಕೋಟೆಗೆ ಹೊರಟ ಏಕಾದಶಿಯವರಿರಬಹುದು, ಮಾಂಸಾಹಾರದ ಸೋಂಕೂ ಬೇಡವೆನ್ನುವವರಿರಬಹುದು. ಒಮ್ಮೊಮ್ಮೆ ‘ಕೋಷರ್’ ನಿಯಮ ಪಾಲಿಸುವ ಯಹೂದಿ ಪ್ರವಾಸಿಯೂ ಇರಬಹುದು.

ಇವರೆಲ್ಲರ ಪ್ರಶ್ನೆ ಒಂದೇ: ಇದನ್ನು ನಾನು ತಿನ್ನಬಹುದೇ? ಉತ್ತರ ಮಾತ್ರ ಒಬ್ಬೊಬ್ಬರಿಗೆ ಒಂದೊಂದು.

ಕೋಷರ್ ಎಂದರೇನು?

ಹೀಬ್ರೂ ಮೂಲದ ಈ ಪದಕ್ಕೆ ‘ಯೋಗ್ಯವಾದದ್ದು’ ಎಂಬ ಅರ್ಥವಿದೆ. ಯಹೂದಿಗಳ ಆಹಾರ ನಿಯಮದಂತೆ, ಮೆಲುಕು ಹಾಕುವ ಮತ್ತು ಸೀಳು ಗೊರಸುಳ್ಳ ಪ್ರಾಣಿಗಳ ಮಾಂಸ ಮಾತ್ರ ಯೋಗ್ಯ; ಅದನ್ನೂ ವಿಧಿಬದ್ಧವಾಗಿಯೇ ವಧಿಸಿರಬೇಕು. ಹಂದಿ ನಿಷಿದ್ಧ. ಮೀನಿಗೆ ಈಜುರೆಕ್ಕೆಯೂ ಹುರುಪೆಯೂ ಇರಬೇಕು. ಆದ್ದರಿಂದ ಸಿಗಡಿ, ಏಡಿ ಕೂಡದು. ಮಾಂಸವನ್ನೂ ಹಾಲಿನ ಪದಾರ್ಥವನ್ನೂ ಒಟ್ಟಿಗೆ ಬೇಯಿಸುವಂತಿಲ್ಲ, ಒಟ್ಟಿಗೆ ತಿನ್ನುವಂತಿಲ್ಲ. ಎರಡಕ್ಕೂ ಪಾತ್ರೆಗಳೇ ಬೇರೆ. ಮಡಿಯ ಅಡುಗೆಮನೆಯನ್ನು ಕಂಡ ಕನ್ನಡಿಗರಿಗೆ ಈ ಕಟ್ಟುನಿಟ್ಟು ಅಪರಿಚಿತವೆನಿಸದು.

ಕಾರ್ಖಾನೆಯ ತಿಂಡಿಗಳಲ್ಲಿ ಈ ನಿಯಮ ಪಾಲನೆಯಾಗಿದೆಯೇ ಎಂಬುದನ್ನು ಪರಿಶೀಲಿಸಿ ಮುದ್ರೆ ಕೊಡುವ ಸಂಸ್ಥೆಗಳಿವೆ. ಅವುಗಳಲ್ಲಿ ಪ್ರಸಿದ್ಧವಾದದ್ದು ಅಮೆರಿಕದ ಆರ್ಥಡಾಕ್ಸ್ ಯೂನಿಯನ್. ವೃತ್ತದೊಳಗೆ ಇಂಗ್ಲಿಷಿನ ‘ಯು’ ಅಕ್ಷರ ಇದರ ಗುರುತು. 1923ರಲ್ಲಿ ಹೈಂಜ್ ಕಂಪನಿಯ ಡಬ್ಬಿಯ ಮೇಲೆ ಮೊದಲ ಬಾರಿಗೆ ಕಾಣಿಸಿಕೊಂಡ ಈ ಗುರುತು ಇಂದು ಜಗತ್ತಿನಾದ್ಯಂತ ಅಸಂಖ್ಯ ಪೊಟ್ಟಣಗಳ ಮೇಲಿದೆ. ವೃತ್ತದೊಳಗಿನ ‘ಕೆ’, ನಕ್ಷತ್ರದೊಳಗಿನ ‘ಕೆ’ ಮುಂತಾದವು ಬೇರೆ ಸಂಸ್ಥೆಗಳ ಗುರುತುಗಳು.

ಯಹೂದಿಗಳು ನಮ್ಮ ನಾಡಿಗೆ ತೀರ ಹೊಸಬರೇನಲ್ಲ. ಕೊಚ್ಚಿಯಲ್ಲಿಯೂ ಕೊಂಕಣ ಕರಾವಳಿಯಲ್ಲಿಯೂ ಅವರು ಶತಮಾನಗಳಿಂದ ನೆಲೆಸಿದ್ದರು. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ, ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಅರಸರು ನೀಡಿದ ಜಾಗದಲ್ಲಿ ಅವರ ರುದ್ರಭೂಮಿಯಿದೆ. ಆದರೆ ಸಂಖ್ಯೆ ಬಹಳ ಚಿಕ್ಕದಾದ ಕಾರಣ, ನಮ್ಮ ದಿನಸಿ ಅಂಗಡಿಗಳಲ್ಲಿ ಕೋಷರ್ ಮುದ್ರೆಯನ್ನು ಕೇಳುವವರು ವಿರಳ. ಭಾರತದ ಅನೇಕ ತಯಾರಕರು ಈ ಪ್ರಮಾಣಪತ್ರ ಪಡೆಯುವುದು ರಫ್ತಿನ ಸಲುವಾಗಿ.

ಹಸಿರು ಚುಕ್ಕೆ ಏನು ಹೇಳುತ್ತದೆ?

ಇಲ್ಲಿನ ಗ್ರಾಹಕರಿಗೆ ಪರಿಚಿತವಾದದ್ದು ಹಸಿರು ಚೌಕದೊಳಗಿನ ಹಸಿರು ಚುಕ್ಕೆ. ಸಸ್ಯಾಹಾರ–ಮಾಂಸಾಹಾರಗಳನ್ನು ಗುರುತಿಸುವ ಈ ವ್ಯವಸ್ಥೆಗೆ 2001ರಲ್ಲಿ ಹೊರಟ ಕೇಂದ್ರ ಸರ್ಕಾರದ ಅಧಿಸೂಚನೆಗಳು ಆಧಾರ. ಮಾಂಸಾಹಾರಕ್ಕೆ ಮೊದಲು ಕಂದು ಚುಕ್ಕೆಯಿತ್ತು. 2020ರ ನಿಯಮಾವಳಿಯು ಅದರ ಸ್ಥಾನದಲ್ಲಿ ಕಂದು ತ್ರಿಕೋನವನ್ನು ತಂದಿತು. ಬಣ್ಣಗಳ ವ್ಯತ್ಯಾಸ ಗುರುತಿಸಲಾಗದವರಿಗೆ ಆಕಾರದಿಂದಲಾದರೂ ತಿಳಿಯುವಂತಾಯಿತು.

ಪ್ರಾಣಿ, ಪಕ್ಷಿ, ಮೀನು, ಮೊಟ್ಟೆ ಅಥವಾ ಪ್ರಾಣಿಜನ್ಯ ವಸ್ತು ಘಟಕಾಂಶವಾಗಿದ್ದರೆ ಅದು ಮಾಂಸಾಹಾರ. ಹಾಲು, ಹಾಲಿನ ಉತ್ಪನ್ನ, ಜೇನು, ಜೇನುಮೇಣ, ಅರಗು ಇವುಗಳಿಗೆ ವಿನಾಯಿತಿಯಿದೆ. ಇಲ್ಲಿ ಗಮನಿಸಬೇಕಾದ ಪದ ‘ಘಟಕಾಂಶ’. ಪೊಟ್ಟಣದೊಳಗೆ ಏನು ಹಾಕಿದೆ ಎಂಬುದನ್ನು ಚುಕ್ಕೆ ಹೇಳುತ್ತದೆ. ಯಾವ ಬಾಣಲೆಯಲ್ಲಿ ಕರಿದಿದ್ದಾರೆ, ಅದೇ ಯಂತ್ರದಲ್ಲಿ ಹಿಂದಿನ ದಿನ ಏನು ತಯಾರಾಗಿತ್ತು ಎಂಬುದನ್ನು ಹೇಳುವುದಿಲ್ಲ.

ಹಸಿರು ಚುಕ್ಕೆಯ ತಿಂಡಿಯೆಲ್ಲ ಕೋಷರ್ ಆಗದಿರಲು ಇದು ಮೊದಲ ಕಾರಣ. ಇನ್ನೂ ಕೆಲವು ಇವೆ. ದ್ರಾಕ್ಷಿರಸ ಅಪ್ಪಟ ಸಸ್ಯಜನ್ಯವೇ ಆದರೂ, ಅದರ ತಯಾರಿಕೆ ಯಹೂದಿಗಳ ಕೈಯಲ್ಲೇ ಆಗಬೇಕೆಂಬ ನಿಯಮವಿದೆ. ಚೀಸ್‌ಗೆ ಪ್ರಾಣಿಜನ್ಯವಲ್ಲದ ಹೆಪ್ಪು ಬಳಸಿದ್ದರೂ ಪ್ರತ್ಯೇಕ ಮೇಲ್ವಿಚಾರಣೆ ಬೇಕು. ಸೊಪ್ಪಿನಲ್ಲಿ ಸಣ್ಣ ಹುಳುವೂ ಉಳಿಯಬಾರದು. ಹೀಗಾಗಿ ನಮ್ಮ ಖಾರದೊಳಗಿನ ಕರಿಬೇವಿನ ಎಲೆಯೂ ಅವರ ದೃಷ್ಟಿಯಲ್ಲಿ ಪರಿಶೀಲನೆಗೆ ಒಳಪಡುವ ವಸ್ತುವೇ.

ಕೋಷರ್ ಎಂದರೆ ಸಸ್ಯಾಹಾರವಲ್ಲ

ನಮ್ಮ ಓದುಗರಿಗೆ ಹೆಚ್ಚು ಉಪಯುಕ್ತವಾದ ಎಚ್ಚರಿಕೆ ಇದರ ತಿರುವುಮುರುವು. ವಿದೇಶದಿಂದ ಬಂದ ಬಂಧುಗಳು ತಂದ ಚಾಕೊಲೇಟು, ಬಿಸ್ಕತ್ತುಗಳ ಮೇಲೆ ಹಸಿರು ಚುಕ್ಕೆ ಇರುವುದಿಲ್ಲ. ಕೋಷರ್ ಗುರುತು ಇರಬಹುದು. ಅದನ್ನು ಕಂಡು ‘ಸಸ್ಯಾಹಾರ’ ಎಂದು ಭಾವಿಸುವುದು ತಪ್ಪು. ಯೋಗ್ಯ ಪ್ರಾಣಿಯ ಮಾಂಸವೂ ಕೋಷರ್ ಆಗಬಲ್ಲದು.

ಗುರುತಿನ ಪಕ್ಕದಲ್ಲಿ ಇಂಗ್ಲಿಷಿನ ‘ಡಿ’ ಇದ್ದರೆ ಹಾಲಿನ ಅಂಶವಿದೆ, ಅಥವಾ ಹಾಲಿನ ಪದಾರ್ಥ ತಯಾರಾಗುವ ಯಂತ್ರದಲ್ಲಿ ಸಿದ್ಧವಾಗಿದೆ ಎಂದರ್ಥ. ‘ಪಾರೆವ್’ ಎಂದಿದ್ದರೆ ಮಾಂಸವೂ ಇಲ್ಲ, ಹಾಲೂ ಇಲ್ಲ. ಆದರೆ ಮೊಟ್ಟೆ ಇರಬಹುದು, ಮೀನೂ ಇರಬಹುದು. ಏಕೆಂದರೆ ಆ ನಿಯಮದಲ್ಲಿ ಇವೆರಡೂ ಮಾಂಸವಲ್ಲ. ‘ಪಿ’ ಎಂದಿದ್ದರೆ ಅದು ಪಾರೆವ್‌ನ ಸಂಕ್ಷೇಪವಲ್ಲ; ಪಾಸೋವರ್ ಹಬ್ಬಕ್ಕೆ ಯೋಗ್ಯವೆಂಬ ಸೂಚನೆ. ಆದ್ದರಿಂದ ಮೊಟ್ಟೆ ತಿನ್ನದವರು ಮುದ್ರೆಯನ್ನಷ್ಟೇ ನಂಬದೆ ಘಟಕಾಂಶಗಳ ಪಟ್ಟಿಯನ್ನು ಪೂರ್ತಿ ಓದಬೇಕು.

ಸಂಖ್ಯೆಗಳ ಒಗಟು

ಪಟ್ಟಿಯಲ್ಲಿ ಹೆಚ್ಚು ತೂಕದ ವಸ್ತು ಮೊದಲು, ಕಡಿಮೆಯದು ಕೊನೆಗೆ. ಆ ಕೊನೆಯಲ್ಲೇ ‘ಐಎನ್‌ಎಸ್’ ಸಂಖ್ಯೆಗಳು ಅಡಗಿರುತ್ತವೆ. 120 ಎಂಬುದು ಕೀಟದಿಂದ ತೆಗೆಯುವ ಕೆಂಪು ಬಣ್ಣ. ಕೋಷರ್ ಪಾಲಿಸುವವರೂ ಸಸ್ಯಾಹಾರಿಗಳೂ ಇದನ್ನು ವರ್ಜಿಸುತ್ತಾರೆ. 904 ಎಂದರೆ ಮಿಠಾಯಿಗೆ ಹೊಳಪು ಕೊಡುವ ಅರಗು. ರುಚಿ ಹೆಚ್ಚಿಸುವ 631 ಮಾಂಸ ಅಥವಾ ಮೀನಿನಿಂದಲೂ ಬರಬಹುದು, ಸಸ್ಯಮೂಲದ ಪಿಷ್ಟವನ್ನು ಹುದುಗಿಸಿಯೂ ತಯಾರಾಗಬಹುದು. ಬಿಸ್ಕತ್ತು, ಬ್ರೆಡ್ಡುಗಳಲ್ಲಿನ 471 ಸಸ್ಯದ ಎಣ್ಣೆಯದೋ ಪ್ರಾಣಿಯ ಕೊಬ್ಬಿನದೋ ಎಂದು ಸಂಖ್ಯೆಯೊಂದರಿಂದಲೇ ತಿಳಿಯದು. ಇಂಥ ಅಂಶಗಳ ಮೂಲ ಸಸ್ಯವೋ ಪ್ರಾಣಿಯೋ ಎಂಬುದು ಗ್ರಾಹಕರಿಗೆ ತಿಳಿಯಲೇಬೇಕೆಂದು ದೆಹಲಿ ಹೈಕೋರ್ಟ್ 2021ರ ಡಿಸೆಂಬರ್‌ನಲ್ಲಿ ಆದೇಶಿಸಿತ್ತು.

ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಬಿಟ್ಟವರಿಗೆ ಹಸಿರು ಚುಕ್ಕೆಯಿಂದ ಏನೂ ತಿಳಿಯುವುದಿಲ್ಲ. ಕೆಲವು ಪೊಟ್ಟಣಗಳ ಮೇಲೆ ‘ಜೈನ್’ ಎಂದು ಮುದ್ರಿಸಿರುತ್ತಾರೆ. ಅದು ತಯಾರಕರ ಹೇಳಿಕೆಯೇ ಹೊರತು ಹಸಿರು ಚುಕ್ಕೆಯಂತೆ ನಿಯಮದಲ್ಲಿ ವಿಧಿಸಿದ ಗುರುತಲ್ಲ. ‘ಮಸಾಲೆ ಪದಾರ್ಥಗಳು’ ಎಂಬ ಒಟ್ಟು ಹೆಸರಿನೊಳಗೆ ಏನಿದೆ ಎಂಬ ಸಂಶಯ ಬಂದರೆ ಬಿಡುವುದೇ ಲೇಸು. ಏಕಾದಶಿಯವರಿಗೂ ಹಾಗೆಯೇ: ಮೈದಾ ಬಿಸ್ಕತ್ತಿಗೆ ಹಸಿರು ಚುಕ್ಕೆ ಇದ್ದ ಮಾತ್ರಕ್ಕೆ ಅದು ಫಲಾಹಾರವಾಗದು.

ಬಿಡಿ ತಿಂಡಿಯ ಮಾತೇನು?

ಗಾಜಿನ ಭರಣಿಯ ಕೋಡುಬಳೆ, ನಿಪ್ಪಟ್ಟು, ಚಕ್ಕುಲಿಗಳಿಗೆ ಚೀಟಿಯಿಲ್ಲ. ಅಲ್ಲಿ ಅಂಗಡಿಯವರ ಮಾತೇ ಆಧಾರ. ‘ಅಣ್ಣಾ, ಇದಕ್ಕೆ ಬೆಳ್ಳುಳ್ಳಿ ಹಾಕಿದ್ದಾರಾ?’ ಎಂದು ಕೇಳಿದರೆ ಸಾಮಾನ್ಯವಾಗಿ ನೇರ ಉತ್ತರವೇ ಸಿಗುತ್ತದೆ. ಆದರೆ ಅಂಗಡಿಯವರೂ ಬೇರೆಡೆಯಿಂದ ತರಿಸಿದ್ದರೆ ಅವರಿಗೂ ತಿಳಿದಿರಲಾರದು. ‘ಗೊತ್ತಿಲ್ಲ’ ಎನ್ನುವವರ ಮಾತು, ಮಾರಾಟಕ್ಕಾಗಿ ‘ಇಲ್ಲ’ ಎನ್ನುವವರ ಮಾತಿಗಿಂತ ಮೇಲು.

ಹಾಗಾದರೆ ಕೋಷರ್ ಪಾಲಿಸುವ ಅತಿಥಿಗೆ ಬೆಳಗೊಳದಲ್ಲಿ ತಿನ್ನಲು ಏನೂ ಇಲ್ಲವೇ? ಇದೆ. ಸಂಸ್ಕರಿಸದ ಇಡೀ ಹಣ್ಣಿಗೆ ಯಾವ ಮುದ್ರೆಯೂ ಬೇಕಿಲ್ಲ. ಬಾಳೆಹಣ್ಣು, ಸೀಬೆ, ಕಿತ್ತಳೆ, ಕೊಯ್ಯದ ಸೌತೆಕಾಯಿ, ಎಳನೀರು, ಹಸಿ ಕಡಲೆಕಾಯಿ ಸಾಮಾನ್ಯವಾಗಿ ನಿರಾತಂಕ. ಹುರಿದದ್ದು, ಕರಿದದ್ದು, ಬೇಯಿಸಿದ್ದು ಬಂದಾಗ ಪಾತ್ರೆ, ಎಣ್ಣೆ, ಕೈ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅಲ್ಲಿ ತೀರ್ಮಾನ ಅವರದು, ಅವರ ಧರ್ಮಗುರುಗಳದು. ‘ಇದರಲ್ಲಿ ಮಾಂಸ ಇಲ್ಲ, ತಿನ್ನಿ’ ಎಂದು ಒತ್ತಾಯಿಸುವುದು ಉಪಚಾರವಾಗದು.

ಒಟ್ಟಿನಲ್ಲಿ, ಯಾವ ನೇಮದವರೇ ಆಗಲಿ, ಕೊಳ್ಳುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಬೇಕು: ಒಳಗೆ ಏನು ಹಾಕಿದೆ? ಯಾವುದರಲ್ಲಿ ಮಾಡಿದೆ? ಹಾಗೆಂದು ಹೇಳುತ್ತಿರುವವರು ಯಾರು? ಹಸಿರು ಚುಕ್ಕೆ ಮೊದಲನೆಯದಕ್ಕೆ ಒಂದಿಷ್ಟು ಉತ್ತರ ಕೊಡುತ್ತದೆ. ಕೋಷರ್ ಮುದ್ರೆ ಮೂರಕ್ಕೂ ಉತ್ತರ ಕೊಡುತ್ತದೆ, ಆದರೆ ಅದು ತನ್ನ ನಿಯಮದವರಿಗೆ ಮಾತ್ರ. ಉಳಿದವರಿಗೆ ಹಿಂಬದಿಯ ಸಣ್ಣ ಅಕ್ಷರಗಳನ್ನು ತಾವೇ ಓದುವುದು ಅನಿವಾರ್ಯ.