ಗುಡ್ಡದ ನೆರಳೂ ಹಾಜರಿ ಪುಸ್ತಕವೂ

2020ರ ಮಾರ್ಚಿ ತಿಂಗಳಲ್ಲಿ ಕಾಲೇಜುಗಳು ಮುಚ್ಚಿ ಪಾಠಗಳು ಮೊಬೈಲಿಗೆ ಬಂದಾಗ, ಮಲೆನಾಡಿನ ಹಲವು ವಿದ್ಯಾರ್ಥಿಗಳು ಸಿಗ್ನಲನ್ನು ಹುಡುಕುತ್ತ ಗುಡ್ಡ ಹತ್ತಬೇಕಾಯಿತು. ಇದಕ್ಕೆ ಕಾರಣವೇನು?

ಅಲೆಯು ಅಡ್ಡಿಯ ಅಂಚನ್ನು ಸುತ್ತಿ ಬಾಗುವುದಕ್ಕೆ ವಿವರ್ತನೆಯೆಂದು ಹೆಸರು. ಅಲೆಯು ಉದ್ದವಾದಷ್ಟೂ ಬಾಗುವಿಕೆ ಹೆಚ್ಚು. ಮಧ್ಯಮ ತರಂಗದ ರೇಡಿಯೋ ಅಲೆಯ ಉದ್ದ ನೂರಾರು ಮೀಟರು. ಅದು ಗುಡ್ಡವನ್ನು ಸುತ್ತಿ ಕಣಿವೆಗೂ ಇಳಿಯಬಲ್ಲದು. ಮೊಬೈಲಿನ 1800 ಮೆಗಾಹರ್ಟ್ಸ್ ಅಲೆಯ ಉದ್ದವಾದರೋ ಸುಮಾರು 17 ಸೆಂಟಿಮೀಟರು ಮಾತ್ರ. ಅದಕ್ಕೆ ಗುಡ್ಡವು ಗೋಡೆಯಂತೆ. ಹಿಂದಿರುವ ಮನೆ ನೆರಳಿನಲ್ಲಿಯೇ ಉಳಿಯುವುದು.

ಹಾಜರಿ ಕೂಗಿದಾಗ ಉತ್ತರ ಬಾರದುದನ್ನು ನಾವು ಮೊದಮೊದಲು ಸೋಮಾರಿತನವೆಂದೇ ಬಗೆದು ಗೈರುಹಾಜರೆಂದು ಬರೆದೆವು. ಭೌತಶಾಸ್ತ್ರ ಬೋಧಿಸುವ ನಮಗೆ ಇದು ಹೊಳೆಯಬೇಕಾಗಿತ್ತು.

ಪರಿಹಾರಕ್ಕೂ ಲೆಕ್ಕವೇ ದಾರಿ. ಸೆಕೆಂಡಿಗೆ 500 ಕಿಲೋಬಿಟ್ಟಿನಂತೆ ಒಂದು ಗಂಟೆಯ ವೀಡಿಯೋ ಪಾಠಕ್ಕೆ 225 ಮೆಗಾಬೈಟು ಬೇಕು. 16 ಕಿಲೋಬಿಟ್ಟಿನ ಧ್ವನಿಪಾಠಕ್ಕೆ ಸುಮಾರು 7 ಮೆಗಾಬೈಟು ಸಾಕು. ಗುಡ್ಡದ ಮೇಲೆ ಒಮ್ಮೆ ಇಳಿಸಿಕೊಂಡರೆ ಮನೆಯಲ್ಲಿ ಎಷ್ಟು ಸಲವಾದರೂ ಕೇಳಬಹುದು. ಮುಂದೆ ಇಂಥ ಕಾಲ ಒದಗಿದರೆ ಧ್ವನಿಪಾಠವನ್ನೂ ಪ್ರಶ್ನೆಗಳನ್ನೂ ಮೊದಲೇ ಕಳುಹಿಸಿ, ಉತ್ತರಕ್ಕೆ ವಾರದ ಅವಧಿ ಕೊಡೋಣ. ಬಂದ ಉತ್ತರವನ್ನೇ ಹಾಜರಿಯೆಂದು ಎಣಿಸುವುದು ನ್ಯಾಯ.