ನಿಮಗಿದು ಗೊತ್ತೇ? ಒಬ್ಬರೇ ಕೂರುವ ದೋಣಿ, ಎದುರಿಗೆ ಇಡೀ ಕಡಲು

ಕಯಾಕ್ ಹುಟ್ಟಿದ್ದು ಆರ್ಕ್‌ಟಿಕ್‌ನ ಹಿಮದ ನೀರಿನಲ್ಲಿ, ಸೀಲ್ ಬೇಟೆಗಾಗಿ. ಗ್ರೀನ್‌ಲ್ಯಾಂಡಿನಲ್ಲಿ ದೋಣಿಗೆ ಆಗುವಂಥ ಮರ ಬೆಳೆಯುವುದಿಲ್ಲ. ಕಡಲು ಎಲ್ಲಿಂದಲೋ ತಂದು ದಡಕ್ಕೆ ಎಸೆದ ಮರದ ತುಂಡುಗಳನ್ನೇ ಆಯ್ದು ಇನುಯಿಟ್ ಜನ ಚೌಕಟ್ಟು ಕಟ್ಟುತ್ತಿದ್ದರು, ಮೇಲೆ ಸೀಲ್ ಚರ್ಮ ಹೊದಿಸುತ್ತಿದ್ದರು. ಏರುವವನ ಮೈಯೇ ಅಳತೆಗೋಲು. ಅವನ ಮಾರು, ಮೊಳ, ಸೊಂಟದ ಅಗಲ ನೋಡಿ, ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ದೋಣಿ ಸಿದ್ಧವಾಗುತ್ತಿತ್ತು.

ಚರ್ಮ ಹೊಲಿಯುತ್ತಿದ್ದವರು ಹೆಂಗಸರು. ಸೂಜಿ ಚರ್ಮದ ಅರ್ಧ ದಪ್ಪದವರೆಗೆ ಇಳಿಯಬೇಕು, ಆಚೆ ಬದಿಗೆ ತೂತು ಬೀಳಬಾರದು. ಬಿದ್ದರೆ ನೀರು ಒಳಗೆ, ಬೇಟೆಗಾರ ಹೊರಗೆ. ಕಡಲ ಸಾಹಸದ ಕತೆ ಹೇಳುವವರು ಈ ಹೊಲಿಗೆಯಿಂದಲೇ ಶುರುಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮಗುಚಿದ ಕಯಾಕ್‌ನಿಂದ ಹೊರಗೆ ಬರದೆ, ಕೂತಲ್ಲಿಂದಲೇ ಹುಟ್ಟು ಬೀಸಿ ಮತ್ತೆ ಮೇಲೇಳಬಹುದು. ಗ್ರೀನ್‌ಲ್ಯಾಂಡಿನ ಬೇಟೆಗಾರರಿಗೆ ಇದು ಆಟವಲ್ಲ, ಪ್ರಾಣ. ಆ ನೀರಿನಲ್ಲಿ ಈಜಿ ಬದುಕುವ ಮಾತೇ ಇಲ್ಲ. ಈಟಿಯ ಹಗ್ಗ ಕೈಗೆ ಸುತ್ತಿಕೊಂಡರೆ ಹೇಗೆ, ಹುಟ್ಟು ಕೈಜಾರಿ ಹೋದರೆ ಹೇಗೆ ಎಂದು ಒಂದೊಂದು ಆಪತ್ತಿಗೂ ಒಂದೊಂದು ಪಟ್ಟು ಕಂಡುಕೊಂಡರು. ಅಲ್ಲಿನ ರಾಷ್ಟ್ರೀಯ ಸ್ಪರ್ಧೆಯಲ್ಲಿ ಇಂದಿಗೂ ಇಂಥ ಮೂವತ್ತಕ್ಕೂ ಹೆಚ್ಚು ಪಟ್ಟುಗಳನ್ನು ಮಾಡಿ ತೋರಿಸಬೇಕು. ಕೈಯಲ್ಲಿ ಇಟ್ಟಿಗೆ ಹಿಡಿದು ಮೇಲೇಳುವುದೂ ಅದರಲ್ಲೊಂದು. ಯುರೋಪಿನವರಲ್ಲಿ ಹೀಗೆ ಮಗುಚಿ ಮೇಲೇಳುವುದನ್ನು ಮೊದಲು ಸಾಧಿಸಿದವರೆಂದು ಹೆಸರಾದವರು ಆಸ್ಟ್ರಿಯಾದ ಎಡಿ ಪಾವ್ಲಾಟಾ, 1927ರಲ್ಲಿ.

ಗ್ರೀನ್‌ಲ್ಯಾಂಡಿನವರಿಂದಲೇ ಈ ವಿದ್ಯೆ ಕಲಿತ ಬ್ರಿಟಿಷ್ ಅನ್ವೇಷಕ ಜಿನೋ ವಾಟ್ಕಿನ್ಸ್, 1932ರಲ್ಲಿ ಅಲ್ಲಿಯೇ ಒಬ್ಬರೇ ಸೀಲ್ ಬೇಟೆಗೆ ಹೋದರು. ಖಾಲಿ ಕಯಾಕ್ ಮಾತ್ರ ಸಿಕ್ಕಿತು. ಆಗ ಅವರಿಗೆ 25 ವರ್ಷ.

ಇಂದಿನ ಫೈಬರ್ ಕಯಾಕ್‌ಗಳಲ್ಲೂ ಗ್ರೀನ್‌ಲ್ಯಾಂಡಿನ ಕೈಗುರುತು ಇದೆ. 1959ರಲ್ಲಿ ಕೆನ್ ಟೇಲರ್ ಎಂಬ ಗ್ಲಾಸ್ಗೋ ವಿದ್ಯಾರ್ಥಿ ಅಲ್ಲಿನ ಇಲ್ಲೋರ್ಸುಯಿಟ್ ಎಂಬ ಹಳ್ಳಿಯಿಂದ ಒಂದು ಕಯಾಕ್ ತಂದರು. ಅದನ್ನು ಕಟ್ಟಿದವರು ಇಮಾನುಯೆಲ್ ಕಾರ್ನೆಲಿಯುಸೆನ್. ಅದರ ಅಳತೆಯಿಂದಲೇ ‘ಅನಾಸ್ ಅಕ್ಯೂಟಾ’ ಎಂಬ ಹೆಸರಾಂತ ಬ್ರಿಟಿಷ್ ಕಯಾಕ್ ರೂಪುಗೊಂಡಿತು. ಕಟ್ಟಿದವನ ಹೆಸರು ಉಳಿದುಬಂದಿರುವುದು ಅಪರೂಪ, ಹಾಗಾಗಿ ಇಲ್ಲಿ ಬರೆಯಲೇಬೇಕೆನಿಸಿತು.

ಮಡಚಿ ಚೀಲಕ್ಕೆ ತುಂಬಿ ರೈಲಿನಲ್ಲಿ ಒಯ್ಯಬಹುದಾದ ಕಯಾಕ್? 1905ರಲ್ಲೇ ಜರ್ಮನಿಯಲ್ಲಿ ಆಲ್ಫ್ರೆಡ್ ಹಾಯ್ರಿಶ್ ಮಾಡಿದರು. ಅದರ ಹಕ್ಕು ಕೊಂಡು ಕಾರ್ಖಾನೆ ನಡೆಸಿದ ಯೊಹಾನ್ ಕ್ಲೆಪ್ಪರ್ ವೃತ್ತಿಯಿಂದ ದರ್ಜಿ.

ಅಂಥದೊಂದು ಮಡಚುವ ಕಯಾಕ್‌ನಲ್ಲಿ ಒಬ್ಬ ಜರ್ಮನ್ ಯುವಕ ಭಾರತದ ಪಶ್ಚಿಮ ಕರಾವಳಿಯನ್ನು ಹಾದುಹೋಗಿದ್ದ ಎಂದರೆ ನಂಬುತ್ತೀರಾ? ಹೆಸರು ಓಸ್ಕರ್ ಸ್ಪೆಕ್. ಕೆಲಸ ಕಳೆದುಕೊಂಡಿದ್ದ ಈತ 1932ರಲ್ಲಿ ಉಲ್ಮ್ ಊರಿನಲ್ಲಿ ಡ್ಯಾನ್ಯೂಬ್ ನದಿಗೆ ದೋಣಿ ಇಳಿಸಿದ. ಸೈಪ್ರಸ್‌ನ ತಾಮ್ರದ ಗಣಿಯಲ್ಲಿ ಕೆಲಸ ಹುಡುಕುವುದಷ್ಟೇ ಉದ್ದೇಶ. ಸೈಪ್ರಸ್ ಮುಟ್ಟಿದ ಮೇಲೆ ನಿಲ್ಲುವ ಮನಸ್ಸಾಗಲಿಲ್ಲ. ಯೂಫ್ರಟಿಸ್ ನದಿಯಲ್ಲಿ ಇಳಿದು ಪರ್ಷಿಯನ್ ಕೊಲ್ಲಿ ಸೇರಿ, ಮಕ್ರಾನ್ ದಡ ಹಿಡಿದು ಭಾರತಕ್ಕೆ ಬಂದ. ಇಲ್ಲಿಂದ ಸಿಂಹಳ, ಬರ್ಮಾ, ಮಲಯ, ಇಂಡೊನೇಷ್ಯದ ದ್ವೀಪಸಾಲು, ನ್ಯೂಗಿನಿ. ಏಳು ವರ್ಷ, ಸುಮಾರು 50,000 ಕಿ.ಮೀ. 1939ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾಕ್ಕೆ ಸೇರಿದ ಸೈಬಾಯ್ ದ್ವೀಪದಲ್ಲಿ ಕಾಲಿಟ್ಟಾಗ ಯುದ್ಧ ಶುರುವಾಗಿಬಿಟ್ಟಿತ್ತು. ಶತ್ರುದೇಶದವನೆಂದು ಬಂಧಿಸಿ ಯುದ್ಧ ಮುಗಿಯುವವರೆಗೂ ಕೂಡಿಹಾಕಿದರು. ಬಿಡುಗಡೆಯಾದ ಮೇಲೂ ಆತ ಆ ದೇಶ ಬಿಡಲಿಲ್ಲ, ಓಪಲ್ ಹರಳಿನ ವ್ಯಾಪಾರ ಮಾಡಿಕೊಂಡು ಅಲ್ಲೇ ನೆಲೆಸಿದ. ಕಾರವಾರದಿಂದ ಮಂಗಳೂರಿನವರೆಗಿನ ನಮ್ಮ ಕಡಲ ದಂಡೆ ನೋಡಿದಾಗಲೆಲ್ಲ ನನಗೆ ಆ ಹುಟ್ಟಿನ ಸಪ್ಪಳ ನೆನಪಾಗುತ್ತದೆ.

ಅಟ್ಲಾಂಟಿಕ್ ದಾಟಿದ ಕಯಾಕ್‌ಗಳೂ ಇವೆ. 1928ರಲ್ಲಿ ಫ್ರಾಂಜ್ ರೋಮರ್ ದಾಟಿದರು, ಕೆರಿಬಿಯನ್ ಮುಟ್ಟಿದ ಬಳಿಕ ಮುಂದಿನ ಹಾದಿಯಲ್ಲಿ ಚಂಡಮಾರುತದ ಹೊತ್ತಿಗೆ ಕಣ್ಮರೆಯಾದರು. 1956ರಲ್ಲಿ ಹೊರಟ ವೈದ್ಯ ಹಾನೆಸ್ ಲಿಂಡೆಮಾನ್ 72 ದಿನಗಳಲ್ಲಿ ದಾಟಿದರು. ಬದುಕುವುದು ಮೈಗಿಂತ ಮನಸ್ಸಿಗೆ ಸೇರಿದ ಸಂಗತಿ ಎಂದು ತೋರಿಸುವುದು ಅವರ ಹಟ. ಹೊರಡುವ ಮುನ್ನ ತಿಂಗಳುಗಟ್ಟಲೆ ಮನಸ್ಸನ್ನೇ ಪಳಗಿಸಿದ್ದರು. ದೋಣಿ ಮಗುಚಿದಾಗ ಇರುಳಿಡೀ ಅದನ್ನು ಅಪ್ಪಿಕೊಂಡೇ ಉಳಿದರು.

ಪೋಲೆಂಡಿನ ಅಲೆಕ್ಸಾಂಡರ್ ದೋಬಾ ಅದೇ ಸಾಗರವನ್ನು ಮೂರು ಸಲ ದಾಟಿದರು. ಮೂರನೆಯ ಸಲ ವಯಸ್ಸು 70.

1987ರಲ್ಲಿ ಎಡ್ ಜಿಲೆಟ್ ಕ್ಯಾಲಿಫೋರ್ನಿಯಾದಿಂದ ಹವಾಯಿಗೆ 63 ದಿನ ಹುಟ್ಟು ಹಾಕಿದರು. ಕೊನೆಕೊನೆಗೆ ಊಟ ಮುಗಿದು ಟೂತ್‌ಪೇಸ್ಟ್ ತಿಂದರು.

ಆಸ್ಟ್ರೇಲಿಯಾವನ್ನು ಕಯಾಕ್‌ನಲ್ಲಿ ಮೊದಲು ಸುತ್ತಿದವರು ನ್ಯೂಜಿಲೆಂಡಿನ ಪಾಲ್ ಕ್ಯಾಫಿನ್. 1981-82ರಲ್ಲಿ, 360 ದಿನ. 2009ರಲ್ಲಿ ಜರ್ಮನಿಯ ಫ್ರೇಯಾ ಹಾಫ್‌ಮೈಸ್ಟರ್ 332 ದಿನಗಳಲ್ಲಿ ಸುತ್ತಿ ಮುಗಿಸಿದರು. ಈ ದಾರಿಯಲ್ಲಿ ಎದೆ ನಡುಗಿಸುವ ಜಾಗ ಪಶ್ಚಿಮದ ಜೂಯ್ಟ್‌ಡಾರ್ಪ್ ಬಂಡೆಗೋಡೆ. ಸುಮಾರು 200 ಕಿ.ಮೀ. ಉದ್ದಕ್ಕೂ ದೋಣಿ ಹತ್ತಿಸಲು ಒಂದು ಹಿಡಿ ಮರಳಿಲ್ಲ, ರಾತ್ರಿಯೆಲ್ಲ ನಿದ್ದೆಗೆಟ್ಟು ಹುಟ್ಟು ಹಾಕುತ್ತಲೇ ಇರಬೇಕು. ಗೋಡೆಗೆ ಬಡಿದ ತೆರೆ ವಾಪಸು ಬಂದು ಎದುರು ಬರುವ ತೆರೆಗೆ ಡಿಕ್ಕಿ ಹೊಡೆಯುವುದರಿಂದ ನೀರು ನಿಂತಲ್ಲೇ ಗೋಪುರದಂತೆ ಎದ್ದು ಬೀಳುತ್ತದೆ. ಬಂಡೆಯಿಂದ ದೂರ ಉಳಿದಷ್ಟೂ ನೀರು ಸಮ.

ದಾಖಲೆಗಳಿಗಿಂತ ನನಗೆ ಹೆಚ್ಚು ಇಷ್ಟವಾದವರು ಹವಾಯಿಯ ಆಡ್ರಿ ಸದರ್‌ಲ್ಯಾಂಡ್. ನಾಲ್ಕು ಮಕ್ಕಳನ್ನು ಒಬ್ಬರೇ ಸಾಕಿದ ತಾಯಿ. ಮೊಲೊಕಾಯ್ ದ್ವೀಪದ ಉತ್ತರ ದಡದಲ್ಲಿ ಮುಗಿಲೆತ್ತರದ ಬಂಡೆಗಳಿವೆ, ರಸ್ತೆಯಿಲ್ಲ. ಮೊದಲು ಸಾಮಾನಿನ ಮೂಟೆಯನ್ನು ನೀರಿನಲ್ಲಿ ಎಳೆದುಕೊಂಡು ಈಜುತ್ತಾ ಅಲ್ಲಿ ಸಾಗಿದರು. ಆಮೇಲೆ ಗಾಳಿ ತುಂಬುವ ಪುಟ್ಟ ಕಯಾಕ್ ಕೊಂಡರು. ಅರುವತ್ತರ ಹೊಸ್ತಿಲಲ್ಲಿ ಅಲಾಸ್ಕಾದ ದ್ವೀಪಗಳ ನಡುವೆ ಒಂಟಿಯಾಗಿ ತಿರುಗಲು ಶುರುಮಾಡಿ, ವರ್ಷ ವರ್ಷವೂ ಹೋದರು. ಯಾರನ್ನೂ ಸೋಲಿಸಲು ಹೊರಟವರಲ್ಲ, ದಡದಲ್ಲಿ ಒಳ್ಳೆಯ ಅಡುಗೆ ಮಾಡಿಕೊಂಡು ಉಣ್ಣುವುದೂ ಅವರಿಗೆ ಪ್ರವಾಸದ ಭಾಗವೇ.

ಕಡಲಿಗೆ ಕಯಾಕ್ ಇಳಿಸುವವರಿಗೆ ಉಬ್ಬರ ಇಳಿತದ ಲೆಕ್ಕಕ್ಕೆ ‘ಹನ್ನೆರಡನೆಯ ಭಾಗ’ದ ಸೂತ್ರವಿದೆ. ಆರು ಗಂಟೆಯ ಇಳಿತದಲ್ಲಿ ನೀರು ಗಂಟೆಗೊಮ್ಮೆ ಹನ್ನೆರಡರಲ್ಲಿ 1, 2, 3, 3, 2, 1 ಪಾಲಿನಂತೆ ಇಳಿಯುತ್ತದೆ. ಅಂದರೆ ನಡುವಿನ ಎರಡೇ ಗಂಟೆಯಲ್ಲಿ ಅರ್ಧ ನೀರು ಹೋಗುತ್ತದೆ, ಸೆಳೆತವೂ ಆಗಲೇ ಜೋರು. ನಮ್ಮ ಕರಾವಳಿಯಲ್ಲಿ ಏರಿಳಿತ ಹೆಚ್ಚೆಂದರೆ ಸುಮಾರು ಎರಡು ಮೀಟರ್. ಕೆನಡಾದ ಫಂಡಿ ಕೊಲ್ಲಿಯಲ್ಲಿ 16 ಮೀಟರ್ ಮುಟ್ಟುತ್ತದೆ.

ಸ್ಕಾಟ್ಲೆಂಡಿನ ಜೂರಾ ಮತ್ತು ಸ್ಕಾರ್ಬಾ ದ್ವೀಪಗಳ ನಡುವೆ ಕೊರಿವ್ರೆಕನ್ ಸುಳಿ ಇದೆ. ಕಯಾಕ್‌ನವರು ಉಬ್ಬರ ಇಳಿತಗಳ ನಡುವೆ ನೀರು ಸುಮ್ಮನಾಗುವ ಸ್ವಲ್ಪ ಹೊತ್ತನ್ನು ಕಾದು ದಾಟುತ್ತಾರೆ. ಜೂರಾದಲ್ಲಿ ಕೂತು ಕೊನೆಯ ಕಾದಂಬರಿ ಬರೆಯುತ್ತಿದ್ದ ಜಾರ್ಜ್ ಆರ್ವೆಲ್ 1947ರಲ್ಲಿ ಹೊತ್ತು ತಪ್ಪಿ ಹೋಗಿ ದೋಣಿಯ ಯಂತ್ರ ಕಳೆದುಕೊಂಡು, ಬಂಡೆಯೊಂದನ್ನು ಹತ್ತಿ ಬದುಕಿದರು.

ಅದೇ ಸ್ಕಾಟ್ಲೆಂಡಿನ ಸ್ಟಾಫಾ ದ್ವೀಪದ ಫಿಂಗಲ್ ಗುಹೆಯೊಳಗೆ ಶಾಂತ ದಿನಗಳಲ್ಲಿ ಕಯಾಕ್ ನುಗ್ಗಿಸಬಹುದು. ಗೋಡೆ ತುಂಬ ಮೂಲೆಮೂಲೆಯಾದ ಕಲ್ಲುಕಂಬಗಳು. ಲಾವಾ ತಣಿದು ಕುಗ್ಗುವಾಗ ಬಿರಿದು ಆದವು, ಮಲ್ಪೆಯೆದುರಿನ ಸೇಂಟ್ ಮೇರಿಸ್ ದ್ವೀಪದಲ್ಲಿ ಆದಂತೆಯೇ. ನಮ್ಮವು ಸುಮಾರು 8.8 ಕೋಟಿ ವರ್ಷದವು, ವಯಸ್ಸಿನಲ್ಲಿ ಸ್ಟಾಫಾಕ್ಕಿಂತ ಹಿರಿಯವು.

ತಣ್ಣನೆಯ ಕಡಲಿಗೆ ಬಿದ್ದವರಿಗೆ ಕೆನಡಾದ ವಿಜ್ಞಾನಿ ಗಾರ್ಡನ್ ಗೀಸ್‌ಬ್ರೆಕ್ಟ್ ಹೇಳಿಕೊಟ್ಟ ಲೆಕ್ಕ 1-10-1. ಉಸಿರು ಹತೋಟಿಗೆ ತರಲು 1 ನಿಮಿಷ, ಕೈಕಾಲು ಹೇಳಿದ ಮಾತು ಕೇಳುವುದು 10 ನಿಮಿಷ, ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಆದ್ದರಿಂದ ಬಿಸಿಲೆಷ್ಟಿದೆ ಎಂದು ನೋಡಿ ಬಟ್ಟೆ ತೊಡುವಂತಿಲ್ಲ, ನೀರು ಮುಟ್ಟಿ ನೋಡಿ ತೊಡಬೇಕು.

ನಮ್ಮಲ್ಲಿ? ಸಾಲಿಗ್ರಾಮದ ಹಿನ್ನೀರಿನಲ್ಲಿ, ಹೊನ್ನಾವರದ ಶರಾವತಿ ಕಾಂಡ್ಲಾ ಕಾಡಿನ ನಡುವೆ ಕಯಾಕ್ ಏರಬಹುದು. ಆದರೆ ಅಳಿವೆ ದಾಟಿ ಹೊರಗೆ ಹೋಗುವುದು ಬೇರೆಯೇ ವಿದ್ಯೆ. ಇಳಿತದ ಹೊತ್ತಿಗೆ ಹೊಳೆಯ ನೀರು ಹೊರಗೆ ನುಗ್ಗಿ ಕಡಲ ತೆರೆಗೆ ಎದುರಾದಾಗ ಅಲೆ ಕಡಿದಾಗಿ ಏಳುತ್ತದೆ. ಆ ಅಳಿವೆಯ ಮೀನುಗಾರರನ್ನು ಕೇಳದೆ ಇಳಿಯಲೇಬಾರದು.

ಮುಂಬೈಯ ಕೌಸ್ತುಭ್ ಖಾಡೆ ಗುಜರಾತಿನಿಂದ ಕನ್ಯಾಕುಮಾರಿಯವರೆಗೆ ಇಡೀ ಪಶ್ಚಿಮ ಕರಾವಳಿಯನ್ನು, ನಮ್ಮ ಅಳಿವೆಗಳೂ ಸೇರಿ, ಕಯಾಕ್‌ನಲ್ಲಿ ಕ್ರಮಿಸಿದ್ದಾರೆ. ಅವರು ನೀರಿನ ಮೇಲೆ ಸಾಗುತ್ತಿದ್ದರೆ ಜೊತೆಗಾತಿ ಶಾಂಜಲಿ ಶಾಹಿ ದಡದ ರಸ್ತೆಯಲ್ಲಿ ಸೈಕಲ್ ತುಳಿಯುತ್ತಾ ಜೊತೆಗಿದ್ದರು.